ನಾಲ್ಕು ಕೋಟಿ ಅಂಕಿಗಳ ಒಂದು ಸಂಖ್ಯೆ

ಚದುರಂಗದಾಟವನ್ನು ರೂಪಿಸಿದ ಪಂಡಿತನೊಬ್ಬ ರಾಜನಲ್ಲಿ ಬೇಡಿದ ಬಹುಮಾನದ ಕಥೆಯನ್ನು ಬಾಲ್ಯದಲ್ಲಿ ಕೇಳದವರು ವಿರಳ. ಹಾಸಿನ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿ. ಅರವತ್ತನಾಲ್ಕನೆಯ ಮನೆ ತುಂಬುವ ಮೊದಲೇ ರಾಜನ ಕಣಜಗಳೆಲ್ಲ ಬರಿದಾದವು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಸ್ವಾರಸ್ಯವನ್ನು ಬಿಟ್ಟುಬಿಡುತ್ತಾರೆ. ಪ್ರತಿಯೊಂದು ಮನೆಯವರೆಗೆ ಕೂಡಿದ ಒಟ್ಟು ಕಾಳುಗಳನ್ನು ಬರೆಯುತ್ತ ಹೋಗಿ: 1, 3, 7, 15, 31, 63, 127. ಎರಡು ಮನೆಗಳಿಗೆ 3, ಮೂರಕ್ಕೆ 7, ಐದಕ್ಕೆ 31, ಏಳಕ್ಕೆ 127. ಇವೆಲ್ಲ ಅವಿಭಾಜ್ಯ ಸಂಖ್ಯೆಗಳು. ಒಂದು ಮತ್ತು ತಾನು, ಇವೆರಡರ ಹೊರತು ಮತ್ತಾವುದರಿಂದಲೂ ಭಾಗವಾಗದವು. ನಾಲ್ಕು ಮನೆಗಳ 15, ಆರು ಮನೆಗಳ 63 ಹಾಗಲ್ಲ.

ಮನೆಯ ಕ್ರಮಸಂಖ್ಯೆ ಅವಿಭಾಜ್ಯವಲ್ಲದಿದ್ದರೆ ಕಾಳುಗಳ ಮೊತ್ತವೂ ಅವಿಭಾಜ್ಯವಾಗದು ಎಂದು ಸುಲಭವಾಗಿ ಸಾಧಿಸಬಹುದು. ಇದರ ವಿಲೋಮ ಮಾತ್ರ ನಿಜವಲ್ಲ. ಹನ್ನೊಂದು ಮನೆಗಳ ಮೊತ್ತ 2047. ಅದು 23 ಮತ್ತು 89ರ ಗುಣಲಬ್ಧ. ಇಡೀ ಹಾಸಿನಲ್ಲಿ ಅವಿಭಾಜ್ಯ ಕ್ರಮಸಂಖ್ಯೆಯ ಮನೆಗಳು ಹದಿನೆಂಟು. ಅವುಗಳಲ್ಲಿ 2, 3, 5, 7, 13, 17, 19, 31 ಮತ್ತು 61, ಈ ಒಂಬತ್ತರಲ್ಲಿ ಮಾತ್ರ ಮೊತ್ತವೂ ಅವಿಭಾಜ್ಯ. ಹದಿನೇಳನೆಯ ಶತಮಾನದ ಫ್ರೆಂಚ್ ಪಾದ್ರಿ ಮರೆನ್ ಮೆರ್ಸೆನ್ ಇವುಗಳ ಪಟ್ಟಿಯೊಂದನ್ನು 1644ರಲ್ಲಿ ಪ್ರಕಟಿಸಿದ್ದರಿಂದ ಇವಕ್ಕೆ ಮೆರ್ಸೆನ್ ಸಂಖ್ಯೆಗಳೆಂದು ಹೆಸರು. ಪಟ್ಟಿಯಲ್ಲಿ ತಪ್ಪುಗಳಿದ್ದವು. 67 ಮತ್ತು 257 ಸೇರಬಾರದಿತ್ತು. 61, 89 ಮತ್ತು 107 ಬಿಟ್ಟುಹೋಗಿದ್ದವು. ಹಾಗಿದ್ದರೂ ಹೆಸರು ಅವರದೇ ಉಳಿಯಿತು.

ಈಗ ಚದುರಂಗದ ಹಾಸನ್ನು 13,62,79,841 ಮನೆಗಳವರೆಗೆ ಹಿಗ್ಗಿಸಿ. 2ನ್ನು ಅಷ್ಟು ಬಾರಿ ಗುಣಿಸಿ ಒಂದನ್ನು ಕಳೆದರೆ ಸಿಗುವ ಸಂಖ್ಯೆ ಅವಿಭಾಜ್ಯವೆಂದು 2024ರ ಅಕ್ಟೋಬರ್ ತಿಂಗಳಲ್ಲಿ ಪ್ರಕಟಿಸಲಾಯಿತು. ಕಂಡುಹಿಡಿದವರು ಅಮೆರಿಕದ ಲ್ಯೂಕ್ ಡ್ಯುರಾಂಟ್. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ, ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮ ಗಣಕಯಂತ್ರಗಳ ಬಿಡುವಿನ ಸಮಯವನ್ನು ಧಾರೆಯೆರೆಯುವ 'ಗಿಂಪ್ಸ್' ಎಂಬ ಕೂಟದ ಸದಸ್ಯರು ಅವರು. ಸಂಖ್ಯೆಯಲ್ಲಿರುವ ಅಂಕಿಗಳು 4,10,24,320. ಅದಕ್ಕೆ ಮೊದಲು, 2018ರ ಡಿಸೆಂಬರ್‌ನಲ್ಲಿ ಸಿಕ್ಕಿದ್ದ ದಾಖಲೆಯ ಸಂಖ್ಯೆಗೆ ಇದ್ದದ್ದು 2,48,62,048 ಅಂಕಿಗಳು. ಪತ್ರಿಕೆಯ ಒಂದು ಪುಟದಲ್ಲಿ, ಚಿತ್ರ ಜಾಹೀರಾತುಗಳನ್ನೆಲ್ಲ ತೆಗೆದುಹಾಕಿ, ಇಪ್ಪತ್ತು ಸಾವಿರ ಅಂಕಿಗಳು ಹಿಡಿಸುತ್ತವೆಂದು ಇಟ್ಟುಕೊಂಡರೂ ಹದಿನಾರು ಪುಟಗಳ ಪತ್ರಿಕೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬೇರೇನನ್ನೂ ಅಚ್ಚು ಮಾಡದೆ ಈ ಒಂದೇ ಸಂಖ್ಯೆಯನ್ನು ಮುದ್ರಿಸಬೇಕಾದೀತು. ಸಂಪಾದಕರು ಒಪ್ಪಲಾರರು.

ಇಷ್ಟು ದೊಡ್ಡ ಸಂಖ್ಯೆಯ ಬಗ್ಗೆ ಸಾಮಾನ್ಯರಾದ ನಾವು ಏನನ್ನಾದರೂ ಖಚಿತವಾಗಿ ಹೇಳಬಲ್ಲೆವೆ? ಧಾರಾಳವಾಗಿ. ಅದರ ಕೊನೆಯ ಎರಡು ಅಂಕಿಗಳು 51. ಇದನ್ನು ನಾನು ಗಣಕಯಂತ್ರದಿಂದ ತಿಳಿದುಕೊಂಡಿಲ್ಲ. ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಕಂಡುಕೊಂಡೆ. 4ರಿಂದ ಮೊದಲ್ಗೊಂಡು 2ರ ಘಾತಗಳ ಕೊನೆಯ ಎರಡು ಅಂಕಿಗಳು ಇಪ್ಪತ್ತು ಹೆಜ್ಜೆಗಳಿಗೊಮ್ಮೆ ಮರುಕಳಿಸುತ್ತವೆ. 13,62,79,841ನ್ನು 20ರಿಂದ ಭಾಗಿಸಿದರೆ ಶೇಷ 1. ಆದುದರಿಂದ ಇಲ್ಲಿಯ ಕೊನೆಯ ಅಂಕಿಗಳು 2ರ 21ನೆಯ ಘಾತದ ಕೊನೆಯ ಅಂಕಿಗಳೇ ಆಗಿರಬೇಕು. ಆ ಘಾತ 20,97,152. ಕೊನೆಯ 52ರಲ್ಲಿ ಒಂದನ್ನು ಕಳೆಯಿರಿ. ಇನ್ನೊಂದು ಗುಣವನ್ನು ಲೆಕ್ಕವಿಲ್ಲದೆಯೇ ಹೇಳಬಹುದು. ಗಣಕಯಂತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಈ ಸಂಖ್ಯೆಯಲ್ಲಿ ಸೊನ್ನೆಯೇ ಇಲ್ಲ. ಆದಿಯಿಂದ ಅಂತ್ಯದವರೆಗೆ 13,62,79,841 ಒಂದುಗಳ ಸಾಲು.

ಮೂರನೆಯ ಗುಣ ಪ್ರಾಚೀನವಾದುದು. 6ರ ಭಾಜಕಗಳಾದ 1, 2, 3ನ್ನು ಕೂಡಿದರೆ ಮತ್ತೆ 6. ಹಾಗೆಯೇ 28ರ 1, 2, 4, 7, 14. ಇಂಥವನ್ನು ಪರಿಪೂರ್ಣ ಸಂಖ್ಯೆಗಳೆನ್ನುತ್ತಾರೆ. ಪ್ರತಿಯೊಂದು ಮೆರ್ಸೆನ್ ಅವಿಭಾಜ್ಯದ ಬೆನ್ನಿಗೂ ಒಂದು ಪರಿಪೂರ್ಣ ಸಂಖ್ಯೆ ಇದೆಯೆಂದು ಯೂಕ್ಲಿಡ್ ತೋರಿಸಿದ; ಸಮಸಂಖ್ಯೆಗಳಲ್ಲಿ ಬೇರೆ ಪರಿಪೂರ್ಣ ಸಂಖ್ಯೆಗಳೇ ಇಲ್ಲವೆಂದು ಎರಡು ಸಾವಿರ ವರ್ಷಗಳ ಅನಂತರ ಆಯ್ಲರ್ ಸಾಧಿಸಿದ. ಬೆಸಸಂಖ್ಯೆಗಳಲ್ಲಿ ಒಂದಾದರೂ ಇದೆಯೆ ಎಂಬ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ.

ಆದರೆ ಎಲ್ಲಕ್ಕಿಂತ ಸುಂದರವಾದದ್ದು ಇಂಥ ಸಂಖ್ಯೆಗಳನ್ನು ಪರೀಕ್ಷಿಸುವ ಕ್ರಮ. 1876ರಲ್ಲಿ ಎಡ್ವರ್ಡ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ ಅದರ ಮೂಲರೂಪವನ್ನು ಕಂಡುಕೊಂಡ, 1930ರಲ್ಲಿ ಡಿ. ಎಚ್. ಲೆಮರ್ ಅದನ್ನು ಸರಳಗೊಳಿಸಿದ. ಕ್ರಮ ಇಷ್ಟೆ. 4ರಿಂದ ಆರಂಭಿಸಿ. ವರ್ಗಮಾಡಿ 2 ಕಳೆಯಿರಿ. ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೆಯುವುದು, ಮತ್ತೆ ಶೇಷ. 2ರ ಘಾತ ಎಷ್ಟೋ ಅದಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 127 ಎಂದರೆ 2ರ ಏಳನೆಯ ಘಾತದಲ್ಲಿ ಒಂದು ಕಡಿಮೆ. ಐದು ಹೆಜ್ಜೆಗಳು ಸಾಕು. 4, 14, 67, 42, 111, ಕೊನೆಗೆ 0. ಓದುಗರು ಪೆನ್ಸಿಲ್ ಹಿಡಿದು ಮಾಡಿನೋಡಬೇಕೆಂದು ನನ್ನ ವಿನಂತಿ. ಭಾಜಕವೊಂದನ್ನೂ ಹುಡುಕದೆ, ಭಾಜಕವೇ ಇಲ್ಲವೆಂದು ಈ ಆರು ಸಂಖ್ಯೆಗಳು ಸಾರುತ್ತವೆ.

ಲ್ಯೂಕಾ ಇದೇ ಬಗೆಯ ವಿಧಾನದಿಂದ 2ರ 127ನೆಯ ಘಾತದಲ್ಲಿ ಒಂದು ಕಡಿಮೆಯಾದ, 39 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಯಾವ ಯಂತ್ರದ ನೆರವೂ ಇಲ್ಲದೆ ಸಾಧಿಸಿದ. ಎಪ್ಪತ್ತೈದು ವರ್ಷಗಳ ಕಾಲ ಅದನ್ನು ಮೀರಿದ ಅವಿಭಾಜ್ಯ ಸಿಗಲಿಲ್ಲ. 1951ರಲ್ಲಿ ಫೆರಿಯೆ ಎಂಬಾತ ಮೇಜಿನ ಮೇಲಿಡುವ ಲೆಕ್ಕದ ಯಂತ್ರದಿಂದ 44 ಅಂಕಿಗಳ ಒಂದನ್ನು ಪಡೆದ. ನಾವು ಎಂ.ಎ. ತರಗತಿಯ ಸಂಖ್ಯಾಶಾಸ್ತ್ರದ ಅಭ್ಯಾಸಕ್ಕೆ ಹಿಡಿಕೆ ತಿರುಗಿಸುವ ಫ್ಯಾಸಿಟ್ ಯಂತ್ರಗಳನ್ನು ಬಳಸುತ್ತಿದ್ದೆವು. ಸಹಸಂಬಂಧದ ಒಂದು ಗುಣಾಂಕ ತೆಗೆಯುವಷ್ಟರಲ್ಲಿ ತೋಳು ಸೋಲುತ್ತಿತ್ತು. ಫೆರಿಯೆಯ ತಾಳ್ಮೆಯನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ. ಅದೇ ವರ್ಷ ವಿದ್ಯುನ್ಮಾನ ಯಂತ್ರವೊಂದು 79 ಅಂಕಿಗಳಿಗೆ ಜಿಗಿಯಿತು. ಮನುಷ್ಯನ ಕೈಯ ಕಾಲ ಅಲ್ಲಿಗೆ ಮುಗಿಯಿತು. ಅಂದಹಾಗೆ, ಮಕ್ಕಳ ಆಟಿಕೆಯಾದ 'ಹನೋಯ್ ಗೋಪುರ'ವನ್ನು ರಚಿಸಿದಾತನೂ ಈ ಲ್ಯೂಕಾನೇ. ಕಾಶಿಯ ದೇಗುಲವೊಂದರಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆಂಬ ಕಟ್ಟುಕಥೆ ಆ ಆಟಿಕೆಗೆ ಅಂಟಿಕೊಂಡಿದೆ. ಅದಕ್ಕೆ ಬೇಕಾಗುವ ಚಲನೆಗಳೂ ನಮ್ಮ ಚದುರಂಗದ ಕಾಳುಗಳೂ ಒಂದೇ ಸಂಖ್ಯೆ. ಅದು 5ರಲ್ಲಿ ಕೊನೆಗೊಳ್ಳುವುದರಿಂದ ಅವಿಭಾಜ್ಯವಲ್ಲವೆಂದು ಮಕ್ಕಳೂ ಹೇಳಿಯಾರು.

ಲ್ಯೂಕಾ ಇನ್ನೊಂದು ವಿಚಿತ್ರವನ್ನೂ ತೋರಿಸಿದ್ದ. ಮೆರ್ಸೆನ್ ಪಟ್ಟಿಯಲ್ಲಿದ್ದ 67ರ ಸಂಖ್ಯೆ ಅವಿಭಾಜ್ಯವಲ್ಲ, ಆದರೆ ಅದರ ಭಾಜಕಗಳು ಯಾವುವೆಂದು ತನಗೆ ತಿಳಿಯದು! 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಕರಿಹಲಗೆಯ ಬಳಿ ಹೋಗಿ, ಮಾತಿಲ್ಲದೆ, ಒಂದು ಬದಿಯಲ್ಲಿ ಆ ಸಂಖ್ಯೆಯನ್ನು ಬಿಡಿಸಿ ಬರೆದರು. ಇನ್ನೊಂದು ಬದಿಯಲ್ಲಿ 193707721ನ್ನು 761838257287ರಿಂದ ಗುಣಿಸಿದರು. ಎರಡೂ ಕಡೆ ಬಂದದ್ದು 147573952589676412927. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತಂತೆ. ಆ ಭಾಜಕಗಳನ್ನು ಹುಡುಕಲು ಮೂರು ವರ್ಷಗಳ ಭಾನುವಾರಗಳು ಹಿಡಿದವೆಂದು ಕೋಲ್ ಹೇಳಿದರೆಂಬ ಪ್ರತೀತಿ ಇದೆ.

ಗುಣಿಸಲು ಕೆಲವು ನಿಮಿಷ, ಬಿಡಿಸಲು ಮೂರು ವರ್ಷ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಯಾರೋ ಗುಣಿಸಿಟ್ಟ ಅಷ್ಟೇ ದೊಡ್ಡ ಎರಡು ಅವಿಭಾಜ್ಯಗಳ ಗುಣಲಬ್ಧವನ್ನು ಕೊಟ್ಟು ಮೂಲ ಸಂಖ್ಯೆಗಳನ್ನು ಕೇಳಿದ್ದರೆ? ಆ ಕಷ್ಟ ಬೇರೆಯೇ ಬಗೆಯದು. ಇಂದಿನ ಡಿಜಿಟಲ್ ವ್ಯವಹಾರದ ಬಹುದೊಡ್ಡ ಭಾಗ ಈ ಕಷ್ಟದ ಮೇಲೆ ನಿಂತಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದ, ಅವರ ಹೆಸರಿನ ಮೊದಲಕ್ಷರಗಳಿಂದ ಆರ್‌ಎಸ್‌ಎ ಎಂದು ಕರೆಯಲಾಗುವ ವ್ಯವಸ್ಥೆಯಲ್ಲಿ ಎರಡು ದೊಡ್ಡ ಅವಿಭಾಜ್ಯಗಳು ಗುಟ್ಟು. ಅವುಗಳ ಗುಣಲಬ್ಧ ಬಹಿರಂಗ. ಗುಟ್ಟನ್ನು ಬಲ್ಲವನು ಮಾತ್ರ ಸಹಿ ಹಾಕಬಲ್ಲ. ಗುಣಲಬ್ಧವನ್ನು ಬಲ್ಲವರೆಲ್ಲರೂ ಆ ಸಹಿಯನ್ನು ಪರಿಶೀಲಿಸಬಲ್ಲರು.

ಇಲ್ಲಿಯೇ ನಮ್ಮ ಪತ್ರಿಕೆಗಳ ಮೇಲೆ ನನ್ನದೊಂದು ತಕರಾರು. ಹೊಸ ಮಹಾ ಅವಿಭಾಜ್ಯ ಸಿಕ್ಕಾಗಲೆಲ್ಲ ವರದಿಯ ಕೊನೆಯಲ್ಲಿ 'ಇದರಿಂದ ಬ್ಯಾಂಕ್ ವ್ಯವಹಾರಗಳ ಭದ್ರತೆ ಹೆಚ್ಚಲಿದೆ' ಎಂಬ ಸಾಲೊಂದು ಬರುತ್ತದೆ. ಇದು ಸರಿಯಲ್ಲ. ನಾಲ್ಕು ಕೋಟಿ ಅಂಕಿಗಳ ಆ ಸಂಖ್ಯೆಯಿಂದ ಯಾವ ಬೀಗವನ್ನೂ ಮಾಡಲಾಗದು, ಏಕೆಂದರೆ ಅದು ಎಲ್ಲರಿಗೂ ಗೊತ್ತು. ಬೇಕಾದದ್ದು ಯಾರಿಗೂ ಗೊತ್ತಿರದ, ಸುಮಾರು 308 ಅಂಕಿಗಳ ಸಾಧಾರಣ ಅವಿಭಾಜ್ಯಗಳು. ಅಂಥವಕ್ಕೆ ಬರಗಾಲವಿಲ್ಲ. ಆ ಗಾತ್ರದಲ್ಲಿ ಸರಾಸರಿ ಏಳುನೂರು ಸಂಖ್ಯೆಗಳಿಗೊಂದು ಅವಿಭಾಜ್ಯ ಸಿಗುತ್ತದೆ. ಮೇಜಿನ ಮೇಲಿನ ಗಣಕಯಂತ್ರ ಕಣ್ಣುಮಿಟುಕಿಸುವಷ್ಟರಲ್ಲಿ ಹುಡುಕಿಕೊಡುತ್ತದೆ. ಅರ್ಥಶಾಸ್ತ್ರದ ಮೊದಲ ಪಾಠದಲ್ಲಿ ಆಡಂ ಸ್ಮಿತ್‌ನ ನೀರು ಮತ್ತು ವಜ್ರದ ವಿರೋಧಾಭಾಸ ಬರುತ್ತದೆ. ಬದುಕಿಗೆ ಅನಿವಾರ್ಯವಾದ ನೀರು ಅಗ್ಗ, ಅಲಂಕಾರದ ವಜ್ರ ದುಬಾರಿ. ಮೆರ್ಸೆನ್ ಅವಿಭಾಜ್ಯಗಳು ವಜ್ರಗಳು. 2024ರ ಹೊತ್ತಿಗೆ ಸಿಕ್ಕಿದ್ದವು ಐವತ್ತೆರಡು ಮಾತ್ರ. ನಮ್ಮ ಹಣವನ್ನು ಕಾಯುತ್ತಿರುವುದು ಹೆಸರಿಲ್ಲದ ನೀರು.

ಹಾಗಾದರೆ ವಜ್ರದ ಹುಡುಕಾಟ ವ್ಯರ್ಥವೆ? 1811ರಲ್ಲಿ ಪೀಟರ್ ಬಾರ್ಲೋ ಎಂಬ ಆಂಗ್ಲ ಗಣಿತಜ್ಞ, ಆಯ್ಲರ್ ಸಾಧಿಸಿದ್ದ 31ನೆಯ ಘಾತದ ಅವಿಭಾಜ್ಯದಿಂದ ದೊರೆಯುವ ಪರಿಪೂರ್ಣ ಸಂಖ್ಯೆಯೇ ಕೊನೆಯದಾಗಬಹುದು, ಕುತೂಹಲಕ್ಕಲ್ಲದೆ ಉಪಯೋಗಕ್ಕೆ ಬಾರದ ಇಂಥವನ್ನು ಮುಂದೆ ಯಾರೂ ಹುಡುಕಲಾರರು ಎಂಬರ್ಥದ ಮಾತು ಬರೆದ. ಆತ ಕೈಬಿಟ್ಟ ಆ 2147483647 ಇಂದು ನಮ್ಮ ನಡುವೆಯೇ ಓಡಾಡುತ್ತಿದೆ. ಯಾವುದೇ ಸಂಖ್ಯೆಯಿಂದ ಆರಂಭಿಸಿ 16807ರಿಂದ ಗುಣಿಸುತ್ತ, ಇದರಿಂದ ಭಾಗಿಸಿ ಶೇಷ ತೆಗೆಯುತ್ತ ಹೋದರೆ, ಇನ್ನೂರ ಹದಿನಾಲ್ಕು ಕೋಟಿಗೂ ಮಿಕ್ಕಿದ ಶೇಷಗಳೆಲ್ಲ ಒಂದೊಂದು ಬಾರಿ ಬಂದ ಮೇಲಷ್ಟೇ ಮೊದಲಿನದು ಮರುಕಳಿಸುತ್ತದೆ. ಗಣಕಯಂತ್ರಗಳಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಪಡೆಯಲು ಬಹುಕಾಲ ಬಳಕೆಯಾದ ಈ ವಿಧಾನಕ್ಕೆ ಆ ಸಂಖ್ಯೆಯ ಅವಿಭಾಜ್ಯತೆಯೇ ಆಧಾರ. 1994ರಲ್ಲಿ ಥಾಮಸ್ ನೈಸ್ಲಿ ಎಂಬ ಪ್ರಾಧ್ಯಾಪಕರು ಜೋಡಿ ಅವಿಭಾಜ್ಯಗಳ ವ್ಯುತ್ಕ್ರಮಗಳನ್ನು ಕೂಡುತ್ತಿದ್ದಾಗ ಲೆಕ್ಕ ತಾಳೆಯಾಗದೆ, ಕೊನೆಗೆ ಇಂಟೆಲ್ ಕಂಪನಿಯ ಪೆಂಟಿಯಂ ಸಂಸ್ಕಾರಕದ ಭಾಗಾಕಾರದಲ್ಲಿಯೇ ದೋಷವಿದೆಯೆಂದು ಪತ್ತೆಯಾಯಿತು. ಕಂಪನಿ ಅದಕ್ಕಾಗಿ 47.5 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಆದರೂ ಉಪಯೋಗದ ಪಟ್ಟಿ ಕೊಟ್ಟು ಈ ಹುಡುಕಾಟವನ್ನು ಸಮರ್ಥಿಸುವುದು ನನಗೆ ಅಷ್ಟಾಗಿ ಒಗ್ಗದು. 1963ರಲ್ಲಿ 11213ನೆಯ ಘಾತದ ಅವಿಭಾಜ್ಯ ಸಿಕ್ಕಾಗ ಇಲಿನಾಯ್ ವಿಶ್ವವಿದ್ಯಾಲಯದ ಗಣಿತ ವಿಭಾಗ ತನ್ನ ಪತ್ರಗಳ ಅಂಚೆಮುದ್ರೆಯಲ್ಲೇ ಆ ಸುದ್ದಿಯನ್ನು ಸಾರಿತು. ಆ ಸಂತೋಷ ಅರ್ಥವಾಗುವಂಥದು.

ನಮ್ಮ ನಾಡಿಗೂ ಈ ವಿದ್ಯೆ ಅಪರಿಚಿತವಲ್ಲ. ಮಂಡ್ಯದಲ್ಲಿ 1933ರಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ. ರಾಮಚಂದ್ರ ಅವರು ದೊಡ್ಡ ಅವಿಭಾಜ್ಯ ಭಾಜಕಗಳ ಬಗ್ಗೆ 1969ರಲ್ಲಿಯೇ ಮಹತ್ತ್ವದ ಪ್ರಬಂಧ ಬರೆದವರು. ಅವರ ಹೆಸರು ನಮ್ಮ ಎಷ್ಟು ಶಾಲೆಗಳಲ್ಲಿ ಕೇಳಿಬರುತ್ತದೆಯೋ! 2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಯಾವುದೇ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಮಿತವಾದ ಹೆಜ್ಜೆಗಳಲ್ಲಿ, ಸಂಶಯಕ್ಕೆಡೆಯಿಲ್ಲದೆ ನಿರ್ಣಯಿಸುವ ವಿಧಾನವನ್ನು ಕಂಡುಹಿಡಿದು ಜಗತ್ತನ್ನು ಬೆರಗುಗೊಳಿಸಿದರು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್. ಮುಗಿಸಿದ್ದ ಹುಡುಗರು. ಬೀಗಗಳೆಲ್ಲ ಇನ್ನು ಮುರಿದವೆಂದು ಆಗ ಕೆಲವರು ಗಾಬರಿಗೊಂಡರು. ಅದು ತಪ್ಪು ತಿಳಿವಳಿಕೆ. ಸಂಖ್ಯೆಯೊಂದು ಅವಿಭಾಜ್ಯವಲ್ಲವೆಂದು ತಿಳಿಯುವುದು ಬೇರೆ, ಅದರ ಭಾಜಕಗಳನ್ನು ತೆಗೆಯುವುದು ಬೇರೆ. ಲ್ಯೂಕಾನಿಗೂ ಕೋಲ್‌ಗೂ ನಡುವಣ ಇಪ್ಪತ್ತೇಳು ವರ್ಷಗಳ ಅಂತರವೇ ಅದು. 250 ಅಂಕಿಗಳ ಒಂದು ಗುಣಲಬ್ಧವನ್ನು 2020ರಲ್ಲಿ ಬಿಡಿಸಿದಾಗ ಒಂದೇ ಸಂಸ್ಕಾರಕದ ಲೆಕ್ಕದಲ್ಲಿ ಸುಮಾರು 2,700 ವರ್ಷಗಳ ದುಡಿಮೆ ಹಿಡಿಯಿತು. ನಮ್ಮ ಡಿಜಿಟಲ್ ಸಹಿಗಳಲ್ಲಿ ಬಳಕೆಯಲ್ಲಿರುವ ಗುಣಲಬ್ಧಗಳಿಗೆ 617 ಅಂಕಿಗಳು.

ಗಣಿತ ಇಷ್ಟು ಭದ್ರವಾಗಿದ್ದರೂ ಸುತ್ತಲಿನ ಮನುಷ್ಯರು ಹಾಗಲ್ಲ. ನಾನು ಸೇವೆಯಲ್ಲಿದ್ದ ಕಚೇರಿಯೊಂದಕ್ಕೆ ಡಿಜಿಟಲ್ ಸಹಿ ಬಂದ ಹೊಸತರಲ್ಲಿ ಅಧಿಕಾರಿಗಳೆಲ್ಲ ತಮ್ಮ ಡಾಂಗಲ್ಲನ್ನು ಸಹಾಯಕರ ಮೇಜಿನ ಸೆಳೆಖಾನೆಯಲ್ಲಿಟ್ಟು, ಗುಪ್ತಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅದರ ಜೊತೆಗೇ ಅಂಟಿಸಿಕೊಡುವ ರೂಢಿಯಿತ್ತು. ನಾನೂ ಅದಕ್ಕೆ ಹೊರತಾಗಿರಲಿಲ್ಲ. ಒಮ್ಮೆ ಪ್ರವಾಸದಿಂದ ಮರಳಿ ಬಂದು ನೋಡಿದರೆ, ನಾನು ರೈಲಿನಲ್ಲಿ ನಿದ್ರಿಸುತ್ತಿದ್ದ ಹೊತ್ತಿಗೆ ಇಪ್ಪತ್ತಾರು ಆದೇಶಗಳಿಗೆ ನನ್ನ ಸಹಿ ಬಿದ್ದಿತ್ತು. ಆದೇಶಗಳೆಲ್ಲ ಕ್ರಮಬದ್ಧವಾಗಿಯೇ ಇದ್ದವು. ಅದು ನನ್ನ ಅದೃಷ್ಟ ಮತ್ತು ಆ ಸಹಾಯಕರ ಪ್ರಾಮಾಣಿಕತೆ. ಕಾನೂನಿನ ದೃಷ್ಟಿಯಲ್ಲಿ ಅವು ನಾನೇ ಹಾಕಿದ ಸಹಿಗಳು. ಜಗತ್ತಿನ ಯಾವ ಗಣಿತಜ್ಞನೂ ಬಿಡಿಸಲಾಗದ ಗುಟ್ಟನ್ನು ನಾನು ಗೋಂದು ಹಚ್ಚಿ ಕೊಟ್ಟಿದ್ದೆ. ಅಂದಿನಿಂದ ಡಾಂಗಲ್ ನನ್ನ ಜೇಬಿನಲ್ಲಿರತೊಡಗಿತು. ಕಡತಗಳು ನಿಧಾನವಾದವೆಂಬ ಗೊಣಗಾಟವನ್ನೂ ಕೇಳಬೇಕಾಯಿತು.

ಯಂತ್ರಗಳೂ ಅಸಡ್ಡೆ ಮಾಡುತ್ತವೆ. ಬಹಿರಂಗ ಗುಣಲಬ್ಧಗಳನ್ನು ಲಕ್ಷಗಟ್ಟಲೆ ಸಂಗ್ರಹಿಸಿ ಪರೀಕ್ಷಿಸಿದ ಎರಡು ಸಂಶೋಧಕ ತಂಡಗಳು, ಅವುಗಳಲ್ಲಿ ಸಾವಿರಾರು ಗುಣಲಬ್ಧಗಳಿಗೆ ಒಂದು ಭಾಜಕ ಇನ್ನೊಂದರೊಡನೆ ಸಮಾನವಾಗಿದೆಯೆಂದು 2012ರಲ್ಲಿ ತೋರಿಸಿದವು. ಯಾದೃಚ್ಛಿಕವಾಗಿ ಆಯ್ದುಕೊಳ್ಳಬೇಕಿದ್ದ ಅಗ್ಗದ ಸಾಧನಗಳು ಒಂದೇ ಅವಿಭಾಜ್ಯವನ್ನು ಹಲವೆಡೆ ಆಯ್ದುಕೊಂಡಿದ್ದವು. ಅಂಥ ಎರಡು ಗುಣಲಬ್ಧಗಳನ್ನು ಬಿಡಿಸಲು ಮಹಾವಿದ್ಯೆಯೇನೂ ಬೇಡ. ಶಾಲೆಯಲ್ಲಿ ನಾವೆಲ್ಲ ಮಾಡಿದ ಮ.ಸಾ.ಅ. ಸಾಕು.

ಇನ್ನು ಬರಲಿರುವ ಆತಂಕ ದೊಡ್ಡದು. ಕ್ವಾಂಟಂ ಗಣಕಯಂತ್ರವೊಂದು ಸಾಕಷ್ಟು ದೊಡ್ಡದಾಗಿ ಸಿದ್ಧವಾದರೆ ಭಾಜಕಗಳನ್ನು ತ್ವರಿತವಾಗಿ ತೆಗೆಯಬಹುದೆಂದು ಪೀಟರ್ ಶೋರ್ 1994ರಲ್ಲಿಯೇ ತೋರಿಸಿದ್ದಾರೆ. ಅದನ್ನು ಎದುರಿಸಿ ನಿಲ್ಲಬಲ್ಲ, ಅಪವರ್ತನವನ್ನು ಅವಲಂಬಿಸದ ಹೊಸ ಪದ್ಧತಿಗಳ ಮೂರು ಮಾನಕಗಳನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ನಮ್ಮ ಕೇಂದ್ರ ಸರ್ಕಾರವೂ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅದರ ಕ್ವಾಂಟಂ ಗಣನೆಯ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬ್ಯಾಂಕುಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಇಂದಿನ ಹಣ ವರ್ಗಾವಣೆಯ ಗುಟ್ಟು ನಾಳೆಗೆ ಹಳತು. ಚಿಂತೆ ಇರುವುದು ಪಹಣಿ, ನೋಂದಣಿ ಪತ್ರ, ಜನನ ಮರಣ ಪ್ರಮಾಣಪತ್ರ, ನ್ಯಾಯಾಲಯದ ತೀರ್ಪು, ಇಂಥವುಗಳ ಬಗ್ಗೆ. ಮೊಮ್ಮಕ್ಕಳ ಕಾಲಕ್ಕೂ ಸಾಕ್ಷ್ಯವಾಗಿ ನಿಲ್ಲಬೇಕಾದ ದಾಖಲೆಗಳಿವು. 2015ರ ದಿನಾಂಕ ಹೊತ್ತ ಸಹಿಯನ್ನು 2045ರಲ್ಲಿ ಯಾರು ಬೇಕಾದರೂ ಸೃಷ್ಟಿಸಬಹುದೆಂದಾದರೆ, ಅಸಲಿ ಯಾವುದು, ನಕಲಿ ಯಾವುದು?

ಪರಿಹಾರ ಅಸಾಧ್ಯವೇನಲ್ಲ. ಹಳೆಯ ಸಹಿ ಇನ್ನೂ ಗಟ್ಟಿಯಾಗಿರುವಾಗಲೇ ಆ ದಾಖಲೆಗೆ ಹೊಸ ಪದ್ಧತಿಯ ಕಾಲಮುದ್ರೆಯೊಂದನ್ನು ಒತ್ತಿದರೆ ಸಾಕು. ಮಾಸುತ್ತಿರುವ ಹಸ್ತಪ್ರತಿಯನ್ನು ಹೊಸ ಓಲೆಗೆ ನಕಲು ಮಾಡಿಸುತ್ತಿದ್ದ ಹಿಂದಿನ ಕ್ರಮದಂತೆಯೇ ಇದು. ಆದರೆ ಅದಕ್ಕೆ ಮೊದಲು ಯಾವ ಇಲಾಖೆಯ ಯಾವ ದಾಖಲೆಗಳು, ಯಾವ ವರ್ಷದಿಂದ, ಯಾವ ಬಗೆಯ ಸಹಿಯೊಂದಿಗೆ, ಎಲ್ಲಿ ಉಳಿದಿವೆ ಎಂಬುದರ ಪಟ್ಟಿ ಕೈಯಲ್ಲಿರಬೇಕು. ಕಾಗದದ ಕಡತಗಳಿಗೆ ಇಂಥ ವಹಿಯನ್ನು ಪ್ರತಿ ಕಚೇರಿಯ ದಾಖಲೆ ಕೊಠಡಿಯೂ ಇಡುತ್ತಿತ್ತು. ಯಾವುದನ್ನು ಎಷ್ಟು ವರ್ಷ ಉಳಿಸಬೇಕೆಂಬುದೂ ಅದರಲ್ಲಿ ನಮೂದಾಗುತ್ತಿತ್ತು. ಡಿಜಿಟಲ್ ದಾಖಲೆಗಳಿಗೂ ಅದೇ ವಹಿಯನ್ನು ವಿಸ್ತರಿಸಿ, ಸಹಿಯ ಬಗೆಗೊಂದು, ಅದರ ಸಂಖ್ಯೆಯ ಗಾತ್ರಕ್ಕೊಂದು ಅಂಕಣ ಸೇರಿಸುವಂತೆ ಸುತ್ತೋಲೆ ಹೊರಡಿಸಲು ಸರ್ಕಾರಕ್ಕೆ ಹೆಚ್ಚಿನ ಖರ್ಚೇನೂ ಆಗದು.